ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಬದುಕು

2021ರ ನವೆಂಬರ್ 9ರ ಆ ದೃಶ್ಯ ನಿಮಗೆ ನೆನಪಿರಬೇಕು. ರಾಷ್ಟ್ರಪತಿ ಭವನದ ದರ್ಬಾರ್ ಹಾಲ್. ಪದ್ಮಶ್ರೀ ತಗೊಳ್ಳೋಕೆ ಬಂದ ಮಂಜಮ್ಮ ಜೋಗತಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಎದುರು ನಿಂತರು. ಕೈಮುಗಿದು ಪ್ರಶಸ್ತಿ ತಗೊಂಡು ಹೋಗಲಿಲ್ಲ. ಸೀರೆಯ ಸೆರಗು ಹಿಡಿದು ದೇಶದ ಪ್ರಥಮ ಪ್ರಜೆಗೆ ದೃಷ್ಟಿ ತೆಗೆದರು. ನಮ್ಮೂರ ಅಜ್ಜಿಯಂದಿರು ಮೊಮ್ಮಕ್ಕಳಿಗೆ ತೆಗೀತಾರಲ್ಲ, ಹಾಗೆ. ಇಡೀ ಸಭೆ ಚಪ್ಪಾಳೆ ಹೊಡೀತು. ಆ ಹತ್ತು ಸೆಕೆಂಡಿನ ಕ್ಲಿಪ್ಪನ್ನು ಎಲ್ಲ ಚಾನೆಲ್‌ಗಳೂ ದಿನವಿಡೀ ತಿರುಗಿಸಿ ತಿರುಗಿಸಿ ತೋರಿಸಿದವು.

ಕ್ಲಿಪ್ ಮುಗೀತು. ಆದರೆ ಒಂದು ಪ್ರಶ್ನೆ ಉಳೀತು. ಬಳ್ಳಾರಿ ಸೀಮೆಯ ಒಂದು ಹಳ್ಳಿಯಲ್ಲಿ ಮಂಜುನಾಥ ಶೆಟ್ಟಿ ಅಂತ ಹುಟ್ಟಿದ ಮಗು, ಮಂಜಮ್ಮ ಆಗಿ ದರ್ಬಾರ್ ಹಾಲ್‌ಗೆ ಬರೋ ದಾರಿಯಲ್ಲಿ ಏನೇನಾಯ್ತು? ಆ ದಾರಿಯ ಒಂದು ಮುಖ್ಯ ತಿರುವು ನಮ್ಮ ದಾವಣಗೆರೆಯಲ್ಲೇ ಇದೆ. ಹದಡಿಯಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಇಂಜಿನಿಯರಿಂಗ್ ಓದಿದ ನನಗೆ, ಈ ವಿಷಯ ಗೊತ್ತಾದ ಮೇಲೆ ಆ ಬಸ್ ಸ್ಟ್ಯಾಂಡ್ ಬೇರೆ ಥರಾನೇ ಕಾಣೋಕೆ ಶುರುವಾಗಿದೆ.

ಕಥೆ ಚಿಕ್ಕದಾಗಿ ಹೇಳ್ತೀನಿ. ಈಗಿನ ಕುರುಗೋಡು ತಾಲೂಕಿನ ಕಲ್ಲುಕಂಬ. ಶೆಟ್ಟರ ಮನೆ. ಹುಡುಗನಿಗೆ ಹುಡುಗಿಯರ ಜೊತೆ ಆಟ, ಕುಣಿತ, ಟವೆಲ್ಲನ್ನೇ ಲಂಗದ ಹಾಗೆ ಸುತ್ತಿಕೊಳ್ಳೋದು. ಹೈಸ್ಕೂಲಿನ ಹೊತ್ತಿಗೆ ಮನೆಯವರಿಗೆ ಇದು ಆಟ ಅಲ್ಲ ಅಂತ ಗೊತ್ತಾಯ್ತು. ದೆವ್ವ ಹಿಡಿದಿದೆ ಅಂದ್ಕೊಂಡರು. ಅಣ್ಣ ಕಂಬಕ್ಕೆ ಕಟ್ಟಿ ಹೊಡೆದ. ಆಮೇಲೆ ಒಬ್ಬ ಪೂಜಾರಿ, ಇದು ದೆವ್ವ ಅಲ್ಲ, ದೇವಿ ಅಂದ. ಹೊಸಪೇಟೆ ಹತ್ತಿರದ ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋದರು. ಅಲ್ಲಿ ಉಡಿದಾರ ಹರಿದು, ಸೀರೆ ಕುಪ್ಪಸ ಕೊಟ್ಟು, ಬಳೆ ತೊಡಿಸಿ, ಮುತ್ತು ಕಟ್ಟಿದರು. ಹೋಗುವಾಗ ಮಂಜುನಾಥ, ಬರುವಾಗ ಮಂಜಮ್ಮ. ಮಗ ಸತ್ತುಹೋದ ಅಂತ ತಾಯಿ ಅತ್ತರು.

ದೇವಿ ಒಪ್ಪಿಕೊಂಡಳು, ಮನೆ ಒಪ್ಪಲಿಲ್ಲ. ಮಂಜಮ್ಮ ವಿಷ ಕುಡಿದರು. ಬದುಕಿಕೊಂಡರು. ಮನೆ ಬಿಟ್ಟು ಭಿಕ್ಷೆಗೆ ಇಳಿದರು. ಒಂದು ದಿನ ಆರು ಜನ ಅವರ ಮೇಲೆ ಅತ್ಯಾಚಾರ ಮಾಡಿ, ಇದ್ದ ದುಡ್ಡನ್ನೂ ಕಿತ್ತುಕೊಂಡು ಹೋದರು. ಇದನ್ನೆಲ್ಲ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಓದಿದರೆ ಗೊತ್ತಾಗುತ್ತೆ. ಆ ಘಟನೆ ಆದ ಮೇಲೆ ಮತ್ತೆ ಸಾಯೋ ಯೋಚನೆ ಬಂತು. ಆಗ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ-ಮಗ ಇಬ್ಬರು ಕಣ್ಣಿಗೆ ಬಿದ್ದರು. ಅಪ್ಪ ಹಾಡ್ತಿದ್ದ. ಮಗ ತಲೆ ಮೇಲೆ ಕೊಡ ಇಟ್ಟುಕೊಂಡು ಕುಣೀತಿದ್ದ. ಕೊಡ ಅಲುಗ್ತಿರಲಿಲ್ಲ. ಅಪ್ಪನ ಹೆಸರು ಬಸಪ್ಪ. ಆ ಕುಣಿತದ ಹೆಸರು ಜೋಗತಿ ನೃತ್ಯ. ಮಂಜಮ್ಮ ಸಾಯೋದನ್ನ ಬಿಟ್ಟು ಅದನ್ನ ಕಲಿಯೋಕೆ ಕೂತರು.

ಅಲ್ಲಿಂದ ಕಾಳವ್ವ ಜೋಗತಿಯ ತಂಡ, ನಾಟಕ, ಊರೂರು ತಿರುಗಾಟ. ಕಾಳವ್ವ ತೀರಿಕೊಂಡ ಮೇಲೆ ತಂಡದ ಹೊಣೆ. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರು. ಆ ಕುರ್ಚಿಯಲ್ಲಿ ಕೂತ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅವರು. ಆಮೇಲೆ ಪದ್ಮಶ್ರೀ.

ಸ್ಫೂರ್ತಿ ಕಥೆ ಅಂತ ಇಲ್ಲಿಗೇ ನಿಲ್ಲಿಸಬಹುದಿತ್ತು. ನಾವು ಟಿವಿಯವರು ಸಾಮಾನ್ಯವಾಗಿ ಇಲ್ಲೇ ಬ್ರೇಕ್ ತಗೋತೀವಿ. ಆದರೆ ಮಂಜಮ್ಮ ಬೆಳೆದ ಕಾಲವನ್ನ ಬಿಟ್ಟು ಅವರ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ. ಅವರ ಹದಿಹರೆಯದ ವರ್ಷಗಳಲ್ಲಿ ಕರ್ನಾಟಕ ಸುಮ್ಮನೆ ಕೂತಿರಲಿಲ್ಲ.

ಎಪ್ಪತ್ತರ ದಶಕ ನೆನಪು ಮಾಡ್ಕೊಳ್ಳಿ. 1973ರಲ್ಲಿ ಬೂಸಾ ಗಲಾಟೆ. ಸಚಿವ ಬಸವಲಿಂಗಪ್ಪ ಆಡಿದ ಒಂದು ಮಾತಿಗೆ ರಾಜ್ಯದ ಬೀದಿಗಳಲ್ಲಿ ಹೊಡೆದಾಟ. ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅದನ್ನ ಕಟ್ಟಿದ ಪ್ರೊಫೆಸರ್ ಬಿ. ಕೃಷ್ಣಪ್ಪ ನಮ್ಮ ಹರಿಹರದವರು. ಹರಿಹರದ ಹತ್ತಿರ ಹನಗವಾಡಿಯ ಮೈತ್ರಿವನದಲ್ಲಿ ಇವತ್ತಿಗೂ ಅವರ ಹೆಸರಲ್ಲಿ ಸಭೆಗಳು ನಡೀತವೆ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ, ಉಳುವವನಿಗೇ ಭೂಮಿ. 1975ರ ಜೂನ್ 25ಕ್ಕೆ ತುರ್ತು ಪರಿಸ್ಥಿತಿ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ಸೈರನ್ನು, ಕಾರ್ಮಿಕ ಸಂಘಗಳ ಕೆಂಪು ಬಾವುಟ. ಜಮೀನ್ದಾರನೋ ಗೇಣಿದಾರನೋ, ಮಾಲೀಕನೋ ಕಾರ್ಮಿಕನೋ, ಮೇಲ್ಜಾತಿಯೋ ದಲಿತನೋ, ಇಂದಿರಾ ಕಡೆಯೋ ಜೆಪಿ ಕಡೆಯೋ. ಎಲ್ಲರನ್ನೂ ಕೇಳ್ತಿದ್ದ ಪ್ರಶ್ನೆ ಒಂದೇ: ನೀನು ಯಾವ ಕಡೆ?

ಈ ಪ್ರಶ್ನೆ ತಪ್ಪಲ್ಲ. ಈ ಪ್ರಶ್ನೆ ಕೇಳದೇ ಇದ್ದಿದ್ದರೆ ಗೇಣಿದಾರನಿಗೆ ಭೂಮಿ ಸಿಗ್ತಿರಲಿಲ್ಲ, ದಲಿತನಿಗೆ ದನಿ ಸಿಗ್ತಿರಲಿಲ್ಲ. ಆದರೆ ಒಂದು ವಿಷಯ ಗಮನಿಸಿ. ಸಮಾಜ ಎರಡು ಭಾಗ ಆಗಿ ನಿಂತಾಗ, ಹುಟ್ಟಿನಿಂದಲೇ ಎರಡರ ನಡುವೆ ಇರೋರ ಗತಿ ಏನು?

ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಕಟ್ಟಡ ಅಲುಗಿದಾಗ ಬಿರುಕು ಎಲ್ಲಿ ಬರುತ್ತೆ ಅಂತ ನಮಗೆ ಕಲಿಸ್ತಾರೆ. ಗಟ್ಟಿ ಗೋಡೆಯ ನಟ್ಟನಡುವೆ ಬರೋದು ಕಡಿಮೆ. ಕಿಟಕಿಯ ಮೂಲೆ, ಬಾಗಿಲ ಮೂಲೆ, ಎರಡು ಗೋಡೆ ಸೇರೋ ಸಂದು, ಅಲ್ಲಿ ಮೊದಲು ಬರುತ್ತೆ. ಆ ಜಾಗ ಕೆಟ್ಟದ್ದು ಅಂತಲ್ಲ. ಇಡೀ ಕಟ್ಟಡದ ಒತ್ತಡ ಬಂದು ಸೇರೋದೇ ಅಲ್ಲಿ. ಸಮಾಜ ಅಲುಗಿದಾಗಲೂ ಅಷ್ಟೇ. ಒತ್ತಡ ಎಲ್ಲರ ಮೇಲೂ ಇರುತ್ತೆ, ಬಿರುಕು ಮಾತ್ರ ಸಂದಿನಲ್ಲಿ ಬದುಕೋರ ಮೈಮೇಲೆ ಕಾಣುತ್ತೆ.

ಇದು ನಮ್ಮಲ್ಲಿ ಮಾತ್ರವೂ ಅಲ್ಲ. ಐರ್ಲೆಂಡ್ ನೋಡಿ. 1960ರ ದಶಕದ ಕೊನೆಯಿಂದ 1998ರ ಶಾಂತಿ ಒಪ್ಪಂದದವರೆಗೆ ಅಲ್ಲಿ ಮೂವತ್ತು ವರ್ಷ ರಕ್ತ ಹರೀತು. ಸುಮಾರು 3,500 ಜನ ಸತ್ತರು. ಕ್ಯಾಥೊಲಿಕ್ ಒಂದು ಕಡೆ, ಪ್ರಾಟೆಸ್ಟೆಂಟ್ ಒಂದು ಕಡೆ. ಬಂಡುಕೋರರ ಬಾಂಬು ಒಂದು ಕಡೆ, ಬ್ರಿಟಿಷ್ ಸೈನ್ಯ ಇನ್ನೊಂದು ಕಡೆ. ಆ ಕಾಲದ ಮೇಲೆ ಪ್ಯಾಟ್ರಿಕ್ ಮೆಕೇಬ್ 1998ರಲ್ಲಿ ಒಂದು ಕಾದಂಬರಿ ಬರೆದರು, ‘ಬ್ರೇಕ್‌ಫಾಸ್ಟ್ ಆನ್ ಪ್ಲೂಟೊ’. ನೀಲ್ ಜೋರ್ಡನ್ 2005ರಲ್ಲಿ ಅದನ್ನ ಸಿನಿಮಾ ಮಾಡಿದರು. ‘ಓಪನ್‌ಹೈಮರ್’ ಸಿನಿಮಾದಲ್ಲಿ ವಿಜ್ಞಾನಿಯಾಗಿ ನೀವು ನೋಡಿದ ಕಿಲಿಯನ್ ಮರ್ಫಿ ಇದ್ದಾರಲ್ಲ, ಅವರೇ ಇದರ ಮುಖ್ಯ ಪಾತ್ರ. ಪಾತ್ರದ ಹೆಸರು ಪ್ಯಾಟ್ರಿಕ್. ಆದರೆ ಆ ಮಗು ತನ್ನನ್ನ ತಾನು ಕರ್ಕೊಳ್ಳೋದು ಕಿಟನ್ ಅಂತ. ಗಡಿ ಹತ್ತಿರದ ಸಣ್ಣ ಊರು, ಪಾದ್ರಿಯ ಮನೆ ಬಾಗಿಲಲ್ಲಿ ಬಿಟ್ಟುಹೋದ ಕೂಸು, ಗಂಡು ಮೈ, ಹೆಣ್ಣು ಉಡುಪು.

ಈ ಕಿಟನ್‌ಗೆ ರಾಜಕೀಯ ಬೇಕಿಲ್ಲ. ಹೆತ್ತಮ್ಮನನ್ನ ಹುಡುಕ್ಕೊಂಡು ಲಂಡನ್ನಿಗೆ ಹೋಗ್ತಾಳೆ, ಅಷ್ಟೇ. ರಾಜಕೀಯ ಬಿಡಲ್ಲ. ಊರಲ್ಲಿ ಬಂಡುಕೋರರು ಬಚ್ಚಿಟ್ಟ ಬಂದೂಕನ್ನ ಕೆರೆಗೆ ಎಸೆದಿದ್ದಕ್ಕೆ ಅವರು ಕೊಲ್ಲೋಕೆ ಬರ್ತಾರೆ. ಲಂಡನ್ನಿನಲ್ಲಿ ಬಾಂಬು ಸಿಡಿದಾಗ, ಐರಿಷ್ ಹುಡುಗ ಹೆಣ್ಣಿನ ವೇಷದಲ್ಲಿದ್ದಾನೆ, ಇವನೇ ಬಾಂಬ್ ಇಟ್ಟಿರಬೇಕು ಅಂತ ಪೊಲೀಸರು ಎಳೆದುಕೊಂಡು ಹೋಗಿ ಬಡೀತಾರೆ. ಇಬ್ಬರಿಗೂ ಅನುಮಾನ. ಇಬ್ಬರಿಗೂ ಇದು ವೇಷ. ಇದು ವೇಷ ಅಲ್ಲ, ನಾನೇ ಹೀಗೆ ಅಂದರೆ ನಂಬೋರು ಇಲ್ಲ. ಇದು ಕಟ್ಟುಕಥೆ, ಸರಿ. ಆದರೆ 1974ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತಾಗ, ತಪ್ಪೇ ಮಾಡದ ಆರು ಮಂದಿ ಐರಿಷ್ ಜನರನ್ನ ಜೈಲಿಗೆ ಹಾಕಿ, 1991ರಲ್ಲಿ ಬಿಟ್ಟರು ಅನ್ನೋದು ಕಟ್ಟುಕಥೆ ಅಲ್ಲ. ಅನುಮಾನದ ಕಾಲದಲ್ಲಿ ಹೊರಗಿನವನಾಗಿ ಕಾಣೋದೇ ಸಾಕ್ಷಿ.

ಈಗ ವಾಪಸ್ ನಮ್ಮ ಕಡೆ ಬನ್ನಿ. ಇಲ್ಲಿ ಬಾಂಬ್ ಇರಲಿಲ್ಲ. ಆದರೆ ಜೋಗಪ್ಪ, ಜೋಗತಿಯರನ್ನ ಎರಡೂ ಕಡೆಯಿಂದ ಇಕ್ಕಟ್ಟಿಗೆ ಸಿಕ್ಕಿಸಿದ ಒಂದು ದೊಡ್ಡ ಸಂಘರ್ಷ ಇತ್ತು. ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಜೋಗಪ್ಪ ಅಂದರೆ ಯಾರು? ಸವದತ್ತಿ ಎಲ್ಲಮ್ಮ ಅಥವಾ ಹುಲಿಗೆಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕೋರು. ಕೈಯಲ್ಲಿ ಚೌಡಿಕೆ, ತಲೆ ಮೇಲೆ ದೇವಿಯ ಕೊಡ, ಹಣೆಗೆ ಭಂಡಾರ. ಮಂಗಳವಾರ, ಶುಕ್ರವಾರ ಮನೆ ಮನೆಗೆ ಬಂದು ಜೋಗ ಬೇಡ್ತಾರೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಕಾಣೋ ಹಿಜ್ರಾ ಸಮುದಾಯದ ಕಟ್ಟುಪಾಡು ಬೇರೆ, ಇವರದ್ದು ಬೇರೆ. ಶಸ್ತ್ರಚಿಕಿತ್ಸೆ ಇವರ ಸಂಪ್ರದಾಯದಲ್ಲಿ ಇಲ್ಲ. ದೇವಿ ಮೈಮೇಲೆ ಬಂದಿದ್ದಾಳೆ ಅನ್ನೋ ನಂಬಿಕೆಯೇ ಇವರ ಗುರುತಿನ ಚೀಟಿ. ದಾವಣಗೆರೆ ಸುತ್ತಮುತ್ತಲಿನವರಿಗೆ ಇದು ಹೊಸದಲ್ಲ. ಉಚ್ಚಂಗಿದುರ್ಗದ ಭರತ ಹುಣ್ಣಿಮೆಗೆ ಹೋದವರು, ದುಗ್ಗಮ್ಮನ ಜಾತ್ರೆ ನೋಡಿದವರು ಚೌಡಿಕೆಯ ಸದ್ದು ಕೇಳಿಯೇ ಇರ್ತೀರಿ.

ಆದರೆ ಇದೇ ಮುತ್ತು ಕಟ್ಟುವ ಪದ್ಧತಿಗೆ ಇನ್ನೊಂದು ಮುಖ ಇದೆ. ಬಡ ದಲಿತ ಕುಟುಂಬಗಳ ಸಾವಿರಾರು ಹೆಣ್ಣುಮಕ್ಕಳನ್ನ ದೇವರ ಹೆಸರಲ್ಲಿ ದೇವದಾಸಿಯರನ್ನಾಗಿ ಮಾಡಿದ್ದೂ ಇದೇ ಮುತ್ತು. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ ಇದರ ವಿರುದ್ಧ ಎದ್ದು ನಿಲ್ತು. ನಿಲ್ಲಲೇಬೇಕಿತ್ತು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿತು. 1986ರ ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆ ತಡೆಯೋಕೆ ಹೋದ ಕಾರ್ಯಕರ್ತರು, ಪೊಲೀಸರ ಮೇಲೆಯೇ ಗುಂಪು ತಿರುಗಿಬಿತ್ತು. ಅವರನ್ನೇ ಬೆತ್ತಲೆ ಮಾಡಿ ಮೆರವಣಿಗೆ ಮಾಡಿದರು. ದೇಶವೇ ಬೆಚ್ಚಿಬಿತ್ತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನ ನಿಷೇಧಿಸಿತು.

ಈಗ ಯೋಚನೆ ಮಾಡಿ. ಒಬ್ಬ ದಲಿತ ಹುಡುಗಿಗೆ ಆ ಮುತ್ತು ಸಂಕೋಲೆ. ಮಂಜಮ್ಮನಂಥ ಮಗುವಿಗೆ ಅದೇ ಮುತ್ತು, ಸಮಾಜ ಕೊಟ್ಟ ಒಂದೇ ಒಂದು ಹೆಸರು. ಅದು ಇಲ್ಲದಿದ್ದರೆ ದೆವ್ವ ಹಿಡಿದವನು, ಅದು ಇದ್ದರೆ ಜೋಗತಿ. ಪ್ರಗತಿಪರರ ಕಣ್ಣಿಗೆ ಜೋಗಪ್ಪ ಮೂಢನಂಬಿಕೆಯ ಕಡೆಯವನು. ಭಕ್ತರ ಕಣ್ಣಿಗೆ ಜೋಗಪ್ಪ ಹಬ್ಬದ ದಿನ ದೇವಿ, ಮಾರನೇ ದಿನ ಮನೆಯೊಳಗೆ ಸೇರಿಸಬಾರದವನು. 1982ರ ಕಾಯ್ದೆ ದೇವದಾಸಿ ಅಂದರೆ ಹೆಂಗಸು ಅನ್ನುತ್ತಿತ್ತು. ಹಾಗಾಗಿ ದೇವದಾಸಿಯರಿಗೆ ಸಿಗ್ತಿದ್ದ ಪುನರ್ವಸತಿಯ ಲೆಕ್ಕದಲ್ಲೂ ಜೋಗಪ್ಪ ಇರಲಿಲ್ಲ. ಯಾವ ಕಡೆ ನಿಂತರೂ ಲೆಕ್ಕಕ್ಕೆ ಬಾರದವರು.

ಇಲ್ಲಿ ಯಾರೋ ಒಬ್ಬರನ್ನ ವಿಲನ್ ಮಾಡೋದು ಸುಲಭ. ನಾನು ಮಾಡಲ್ಲ. ದೇವದಾಸಿ ಪದ್ಧತಿ ಹೋಗಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೆಟ್ಟ ಬಾಗಿಲು ಮುಚ್ಚುವಾಗ, ಆ ಬಾಗಿಲ ಒಳಗೆ ಬೇರೆ ಕಾರಣಕ್ಕೆ ಆಸರೆ ಪಡೆದವರು ಯಾರಿದ್ದಾರೆ ಅಂತ ನೋಡಿ, ಅವರಿಗೆ ಬೇರೆ ಬಾಗಿಲು ತೆಗೆಯೋದೂ ಸರ್ಕಾರದ ಕೆಲಸ. ಆ ಬಾಗಿಲು ತೆಗೆಯೋಕೆ ನಮಗೆ ಮೂವತ್ತು ವರ್ಷ ಹಿಡೀತು.

ಅಷ್ಟರವರೆಗೆ ಕಾನೂನು ಇವರನ್ನ ಹೇಗೆ ನೋಡ್ತಿತ್ತು? ಬ್ರಿಟಿಷರ ಕಾಲಕ್ಕೆ ಹೋಗಬೇಕು. 1860ರ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್. ಅದರ ಮಾರನೇ ವರ್ಷವೇ, 1861ರಲ್ಲಿ, ಐರ್ಲೆಂಡ್ ಮತ್ತು ಇಂಗ್ಲೆಂಡಿಗೆ ಅದೇ ಅರ್ಥದ ಇನ್ನೊಂದು ಕಾಯ್ದೆ. ಆಳೋ ಕೈ ಒಂದೇ, ಮಸಿ ಒಂದೇ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ‘ನಪುಂಸಕ’ರ ಹೆಸರನ್ನ ರಿಜಿಸ್ಟರ್‌ನಲ್ಲಿ ಬರೆದಿಡೋ ವ್ಯವಸ್ಥೆ, ಹಾಗೆ ಹೆಸರು ಸೇರಿದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ಜೈಲು. ನಿಜಾಮರ ಹೈದರಾಬಾದ್ ಸಂಸ್ಥಾನವೂ 1919ರಲ್ಲಿ ಇಂಥದ್ದೇ ಕಾಯ್ದೆ ಮಾಡಿತು. ಹುಲಿಗಿ ಇರೋ ಕೊಪ್ಪಳ ಸೀಮೆ ಆಗ ನಿಜಾಮರ ಕೈಯಲ್ಲಿತ್ತು. ಆ ಕಾಯ್ದೆಯನ್ನ ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ಹೌದು, ನೀವು ಸರಿಯಾಗೇ ಓದಿದಿರಿ, 2023.

ನಮ್ಮ ರಾಜ್ಯ ಏನು ಕಡಿಮೆ? 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಮಕ್ಕಳನ್ನ ಅಪಹರಿಸ್ತಾರೆ ಅನ್ನೋ ಅನುಮಾನ ಇರೋ ‘ನಪುಂಸಕ’ರ ಹೆಸರು, ವಿಳಾಸದ ರಿಜಿಸ್ಟರ್ ಇಡೋ ಅಧಿಕಾರ ಪೊಲೀಸರಿಗೆ. 1871ರ ಭಾಷೆ, 140 ವರ್ಷ ಆದ ಮೇಲೆ, ಸ್ವತಂತ್ರ ಭಾರತದಲ್ಲಿ. ಅದರ ಹಿಂದಿನ ವರ್ಷವಷ್ಟೇ ಇದೇ ಸರ್ಕಾರ ಮಂಜಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟಿತ್ತು! ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ರಿಜಿಸ್ಟರ್. ಸಮುದಾಯದವರು ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಆ ಪದ ಹೋಯ್ತು.

ತಿರುವು ಬಂದಿದ್ದು 2014ರ ಏಪ್ರಿಲ್ 15ಕ್ಕೆ. ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಾನು ಗಂಡೋ ಹೆಣ್ಣೋ ಇವೆರಡೂ ಅಲ್ಲವೋ ಅನ್ನೋದನ್ನ ತೀರ್ಮಾನ ಮಾಡೋ ಹಕ್ಕು ಆ ವ್ಯಕ್ತಿಯದ್ದೇ ಅಂತ ಹೇಳಿತು. 2018ರ ಸೆಪ್ಟೆಂಬರ್ 6ಕ್ಕೆ, ವಯಸ್ಕರ ನಡುವಿನ ಒಪ್ಪಿತ ಸಂಬಂಧ ಅಪರಾಧ ಅಲ್ಲ ಅಂತ 377ರ ಹಲ್ಲು ಕಿತ್ತಿತು. 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆ ಬಂತು. 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ನಮ್ಮದೇ ಕರ್ನಾಟಕ. ಇದಕ್ಕೆ ಹೆಮ್ಮೆ ಪಡಲೇಬೇಕು.

ಐರ್ಲೆಂಡ್‌ಗೂ ಅಷ್ಟೇ ಕಾಲ ಹಿಡೀತು. ಲಿಡಿಯಾ ಫಾಯ್ ಅನ್ನೋ ದಂತವೈದ್ಯೆ 1993ರಲ್ಲಿ ಕೇಳಿದ್ದು ಒಂದೇ: ನನ್ನ ಜನನ ಪ್ರಮಾಣಪತ್ರದಲ್ಲಿ ಹೆಣ್ಣು ಅಂತ ಬರೆದುಕೊಡಿ. ಕೋರ್ಟಿನಿಂದ ಕೋರ್ಟಿಗೆ ಅಲೆದು, ದೇಶ ಅದಕ್ಕೆ ಕಾನೂನು ಮಾಡಿದ್ದು 2015ರಲ್ಲಿ. ಒಂದು ಕಾಗದಕ್ಕೆ 22 ವರ್ಷ.

ಕಾಗದಕ್ಕೆ ಯಾಕೆ ಇಷ್ಟು ಮಹತ್ವ ಅಂತ ಕೇಳಬಹುದು. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು ‘ಇತರೆ’ ಅಂತ ಬರೆಸಿದವರು ಇಡೀ ಕರ್ನಾಟಕದಲ್ಲಿ 20,266 ಜನ. ಆರು ಕೋಟಿ ಜನರ ರಾಜ್ಯದಲ್ಲಿ ಇಷ್ಟೇ ಜನ ಅಂತ ನೀವು ನಂಬ್ತೀರಾ? ಮನೆ ಬಾಗಿಲಿಗೆ ಬಂದ ಗಣತಿದಾರರ ಮುಂದೆ, ಅಪ್ಪ ಪಕ್ಕದಲ್ಲಿ ನಿಂತಿರುವಾಗ, ಎಷ್ಟು ಜನ ಬಾಯಿ ಬಿಟ್ಟು ಹೇಳಿರ್ತಾರೆ? ಹೇಳದವರು ಲೆಕ್ಕದಲ್ಲಿಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಬಜೆಟ್ಟಿಲ್ಲ.

ಇನ್ನು ನಾನು ಈ ವಿಷಯ ಯಾಕೆ ಎತ್ತಿಕೊಂಡೆ ಅನ್ನೋದನ್ನ ಹೇಳ್ತೀನಿ. ಇದೇ ವಿಷಯದ ಬಗ್ಗೆ ಒಂದು ಕಾರ್ಯಕ್ರಮ ಮಾಡಿದ ಮಾರನೇ ದಿನ ನಮ್ಮ ಸೀಮೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ‘ನಿಮ್ದೂ ಹದಡಿ ಕಡೆ ಅಂತಲ್ಲಣ್ಣ, ಅದಕ್ಕೇ ಕೇಳ್ತೀನಿ’ ಅಂತಲೇ ಮಾತು ಶುರು. ಅವರ ಮಗು ಹೈಸ್ಕೂಲಿಗೆ ಹೋಗ್ತಿದೆ. ಹುಡುಗ. ಆದರೆ ಹುಡುಗನ ಹಾಗಿಲ್ಲ. ಸ್ಕೂಲಲ್ಲಿ ಹುಡುಗರು ಆಡ್ಕೋತಾರೆ, ಮೂತ್ರಕ್ಕೆ ಹೋಗೋಕೂ ಹೆದರಿಕೊಂಡು ಮಗು ದಿನವಿಡೀ ನೀರೇ ಕುಡಿಯಲ್ಲ. ಗಂಡ ಹೊಡೀತಾನೆ. ಅತ್ತೆ ಹುಲಿಗಿಗೆ ಹೋಗಿ ಮುತ್ತು ಕಟ್ಟಿಸಿ ಅಂತಾರೆ. ಮೈದುನ ಡಾಕ್ಟ್ರು ಹತ್ರ ಕರ್ಕೊಂಡು ಹೋಗಿ ಸರಿ ಮಾಡ್ಸಿ ಅಂತಾನೆ. ಆ ತಾಯಿ ಕೇಳಿದ್ದು ಇಷ್ಟೇ: ‘ಹುಲಿಗಿಗೆ ಕರ್ಕಂಡು ಹೋಗ್ಲೋ, ಡಾಕ್ಟ್ರ ಹತ್ರ ಕರ್ಕಂಡು ಹೋಗ್ಲೋ?’

ನೋಡಿ, ಐವತ್ತು ವರ್ಷದ ಹಿಂದೆ ಕಲ್ಲುಕಂಬದ ಆ ಮನೆ ಎದುರು ಇದ್ದ ಪ್ರಶ್ನೆಯೇ ಇವತ್ತು ಈ ಮನೆ ಎದುರು ಇದೆ. ದೇವಿಯಾ, ದೆವ್ವವಾ? ದೆವ್ವದ ಜಾಗದಲ್ಲಿ ಕಾಯಿಲೆ ಬಂದಿದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಆ ತಾಯಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಇಂಥ ಮಗು ಇರಬಹುದು.

ಮೊದಲನೇದು, ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನ ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ‘ಸರಿ ಮಾಡ್ತೀನಿ’ ಅಂತ ಶಾಕ್ ಕೊಡೋದು, ಔಷಧಿ ಕೊಡೋದು ವೈದ್ಯವೃತ್ತಿಯ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಡಾಕ್ಟರ್ ಹತ್ತಿರ ಹೋಗಬಾರದು ಅಂತಲ್ಲ. ಮಗುವಿಗೆ ಭಯ, ಬೇಸರ, ಸಾಯೋ ಯೋಚನೆ ಇದ್ದರೆ ಹೋಗಲೇಬೇಕು. ಅದು ಭಯಕ್ಕೆ ಚಿಕಿತ್ಸೆ, ಮಗುವಿನ ಸ್ವಭಾವಕ್ಕಲ್ಲ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಎರಡನೇದು, ಹೊಡೆಯೋದು, ಮನೆ ಬಿಟ್ಟು ಓಡಿಸೋದು ಮನೆಯ ಖಾಸಗಿ ವಿಷಯ ಅಲ್ಲ. 2019ರ ಕಾಯ್ದೆ ಪ್ರಕಾರ ಹೆತ್ತವರ ಮನೆಯಲ್ಲಿ ಇರೋದು ಆ ಮಗುವಿನ ಹಕ್ಕು. ಮನೆಯಿಂದ ಹೊರಗೆ ಹಾಕಿದರೆ, ಹಿಂಸೆ ಕೊಟ್ಟರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಶಿಕ್ಷೆ ಕಡಿಮೆ ಆಯ್ತು ಅಂತ ಸಮುದಾಯದವರ ದೂರು ಇದೆ, ಅದು ನ್ಯಾಯವಾದ ದೂರು. ಆದರೆ ಕಾನೂನು ಇದೆ ಅನ್ನೋದು ಅಪ್ಪಂದಿರಿಗೆ ಗೊತ್ತಿರಲಿ.

ಮೂರನೇದು, ಗುರುತಿನ ಪ್ರಮಾಣಪತ್ರ. ಅದನ್ನ ಕೊಡೋದು ಜಿಲ್ಲಾಧಿಕಾರಿ. 2020ರಿಂದ ಆನ್‌ಲೈನ್ ಅರ್ಜಿ ಹಾಕಬಹುದು. 18 ವರ್ಷದೊಳಗಿನವರ ಪರವಾಗಿ ತಂದೆ-ತಾಯಿ ಅರ್ಜಿ ಹಾಕಬೇಕು. ಆತುರ ಬೇಡ. ಮಗುವಿಗೆ ಬೇಕು ಅನ್ನಿಸಿದಾಗ ಮಾಡಿ. ಅದಕ್ಕಿಂತ ಮೊದಲು ಸ್ಕೂಲಿಗೆ ಹೋಗಿ ಹೆಡ್‌ಮಾಸ್ಟರ್ ಜೊತೆ ಮಾತಾಡಿ. ಮಗು ಯಾವ ಟಾಯ್ಲೆಟ್‌ಗೆ ಹೋಗಬೇಕು, ಆಡಿಕೊಳ್ಳೋರನ್ನ ಯಾರು ತಡೀತಾರೆ, ಇದು ಇವತ್ತೇ ತೀರ್ಮಾನ ಆಗಬೇಕಾದ ವಿಷಯ. ಎಸ್ಸೆಸ್ಸೆಲ್ಸಿ ಮುಗಿಸದೇ ಶಾಲೆ ಬಿಟ್ಟ ಮಗುವಿಗೆ ಶೇಕಡಾ 1ರ ಮೀಸಲಾತಿ ಇದ್ದು ಏನು ಉಪಯೋಗ?

‘ಹಂಗಾದ್ರೆ ಹುಲಿಗಿ ಬೇಡವಾ?’ ಅಂತ ಆ ತಾಯಿ ಕೊನೆಗೆ ಕೇಳಿದರು. ದೇವಿಗೆ ಕೈ ಮುಗಿಯೋಕೆ ಹೋಗಿ, ಅದು ನಿಮ್ಮ ನಂಬಿಕೆ. ಮಗು ದೊಡ್ಡದಾಗಿ, ತಾನೇ ಆರಿಸಿಕೊಂಡು ಜೋಗತಿ ಆಗ್ತೀನಿ ಅಂದರೆ ಅದು ಬೇರೆ. ಮಗುವನ್ನ ಕಳ್ಕೊಳ್ಳೋಕೆ ಒಂದು ದಾರಿ ಅಂತ ಹುಲಿಗಿಗೆ ಹೋಗೋದು ಬೇಡ ಅಂದೆ. ಮಂಜಮ್ಮನೂ ಬದುಕಿದ್ದು ಹುಲಿಗಿಯಲ್ಲಿ ಮುತ್ತು ಕಟ್ಟಿದ್ದರಿಂದ ಮಾತ್ರ ಅಲ್ಲ. ಮುತ್ತು ಕಟ್ಟಿದ ಮೇಲೂ ಅವರು ವಿಷ ಕುಡಿದಿದ್ದರು. ಒಬ್ಬ ಬಸಪ್ಪ, ನೀನು ಯಾವ ಕಡೆಯವಳು ಅಂತ ಕೇಳದೇ ತಲೆ ಮೇಲೆ ಕೊಡ ಇಟ್ಟು ಕುಣಿಯೋದು ಕಲಿಸಿದ್ದರಿಂದ ಉಳಿದರು.

ನಮ್ಮ ಹರಿಹರದ ಗುಡಿ ಕಟ್ಟಿ 800 ವರ್ಷ ಆಯ್ತು. ಅರ್ಧ ಹರಿ, ಅರ್ಧ ಹರ. ಗುಹಾಸುರ ಅನ್ನೋ ರಾಕ್ಷಸನನ್ನ ಹರಿ ಒಬ್ಬನೇ ಕೊಲ್ಲೋಕಾಗಲ್ಲ, ಹರ ಒಬ್ಬನೇ ಕೊಲ್ಲೋಕಾಗಲ್ಲ, ಅದಕ್ಕೇ ಇಬ್ಬರೂ ಒಂದೇ ಮೈಯಲ್ಲಿ ಬಂದರು ಅಂತ ಸ್ಥಳಪುರಾಣ. ಆ ಮೂರ್ತಿ ಎದುರು ನಿಂತು ಯಾರೂ, ಸ್ವಾಮಿ, ನೀನು ಯಾವ ಕಡೆ ಅಂತ ಕೇಳಲ್ಲ. ಕಾಯಿ ಒಡೆಸಿಕೊಂಡು ಬರ್ತಾರೆ. ಕಲ್ಲಿನ ಮೂರ್ತಿಗೆ ಕೊಡೋ ಈ ರಿಯಾಯಿತಿಯನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಕೊಡೋಕೆ ನಮಗೇನು ಕಷ್ಟ?

ಬಸ್ ಸ್ಟ್ಯಾಂಡಿನಲ್ಲಿ ಬಸಪ್ಪ ಸಿಗೋದು ಅದೃಷ್ಟ. ಮಂಜಮ್ಮನಿಗೆ ಸಿಕ್ಕಿತು. ಅವರ ಜೊತೆಗೇ ಮನೆ ಬಿಟ್ಟು ಬಂದ ಎಷ್ಟೋ ಮಕ್ಕಳಿಗೆ ಸಿಗಲಿಲ್ಲ, ಅವರ ಹೆಸರು ನಮಗೆ ಗೊತ್ತೂ ಇಲ್ಲ. ಮಕ್ಕಳನ್ನ ಅದೃಷ್ಟದ ಮೇಲೆ ಬಿಡೋಕಾಗಲ್ಲ, ವೀಕ್ಷಕರೇ. ಮಗು ಮನೆ ಬಿಟ್ಟು ಬಸ್ ಸ್ಟ್ಯಾಂಡಿಗೆ ಬರೋದಕ್ಕೆ ಮೊದಲೇ, ಆ ಬಸಪ್ಪ ಮನೆಯೊಳಗೇ ಇರಬೇಕು. ಅಪ್ಪನೋ, ಅಮ್ಮನೋ, ಅಣ್ಣನೋ, ಯಾರಾದರೂ ಒಬ್ಬರು ಸಾಕು.